ಉಂಡು ಮಲಗಿದರೂ ಮುಗಿಯದ ಜಗಳ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳಿಗೆ ಕೆಲವು ನಮೂನೆಗಳನ್ನು ಲಗತ್ತಿಸಿದ್ದಾರೆ; ನಡೆದ ಹಿಂಸೆಯನ್ನು ದಾಖಲಿಸುವ ಘಟನಾ ವರದಿ ಅವುಗಳಲ್ಲೊಂದು. ಮೇಲ್ನೋಟಕ್ಕೆ ಎಲ್ಲ ಸರಕಾರಿ ನಮೂನೆಗಳಂತೆಯೇ ಇವೆ: ಹೆಸರು, ವಿಳಾಸ, ದಿನಾಂಕ, ಸಹಿ. ಒಳಗಿನ ಸಾಲುಗಳನ್ನು ಓದುತ್ತ ಹೋದರೆ ಮಾತ್ರ ಎದೆ ಭಾರವಾಗುತ್ತದೆ. ಹೊಡೆದದ್ದು, ಒದ್ದದ್ದು, ಕಚ್ಚಿದ್ದು ಅಲ್ಲಿವೆ. ನಡತೆಯ ಮೇಲೆ ಸಂಶಯಪಟ್ಟದ್ದು, ವರದಕ್ಷಿಣೆ ತರಲಿಲ್ಲವೆಂದು ಹಂಗಿಸಿದ್ದು, ಗಂಡು ಮಗು ಹೆರಲಿಲ್ಲವೆಂದು ಮೂದಲಿಸಿದ್ದು ಇವೆ. ಕೆಲಸಕ್ಕೆ ಹೋಗಗೊಡದಿರುವುದು, ಹೊಸ್ತಿಲು ದಾಟಗೊಡದಿರುವುದು, ಇಂಥವರನ್ನು ಭೇಟಿಯಾಗಬೇಡ ಎಂದು ತಡೆಯುವುದು ಇವೆ. ಊಟ, ಬಟ್ಟೆ, ಔಷಧಿಗೆ ದುಡ್ಡು ಕೊಡದಿರುವುದೂ ಇದೆ. ‘ನಾನೇ ಸತ್ತುಹೋಗುತ್ತೇನೆ’ ಎಂದು ಗಂಡ ಹೆದರಿಸುವುದಕ್ಕೂ ಅಲ್ಲೊಂದು ಕಲಂ ಉಂಟು. ಲೈಂಗಿಕ ಬಲವಂತಕ್ಕೆ ಬೇರೆಯದೇ ಭಾಗವಿದೆ.

ಎಷ್ಟೋ ಹೆಣ್ಣುಮಕ್ಕಳು ಹಡೆದ ತಾಯಿಗೂ ಹೇಳದ ಮಾತುಗಳನ್ನು ಕಾನೂನು ಮೊದಲೇ ಬರೆದಿಟ್ಟುಕೊಂಡು ಕಾಯುತ್ತಿದೆ. ಅವಳು ಬಂದು ‘ಹೌದು, ಇದು ನನಗೂ ಆಗಿದೆ’ ಎನ್ನಬೇಕು, ಅಷ್ಟೆ. ಆ ‘ಹೌದು’ ಎನ್ನುವ ತನಕದ ದಾರಿಯೇ ಎಲ್ಲಕ್ಕಿಂತ ಉದ್ದದ್ದು.

ಎಷ್ಟು ಉದ್ದ ಎನ್ನುವುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. 2019–21ರಲ್ಲಿ ನಡೆದ ಐದನೆಯ ಸುತ್ತಿನಲ್ಲಿ, ಮದುವೆಯಾದ 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ 44.4 ಇತ್ತು. ದೇಶದ ಸರಾಸರಿ ಶೇ 29.3. ಹಿಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ ಅಂಕಿ ಶೇ 20.6 ಮಾತ್ರ ಇತ್ತು. ಹೆಚ್ಚಳ ಹಿಂಸೆಯಲ್ಲಿ ಎಷ್ಟು, ಹೇಳಿಕೊಳ್ಳುವ ಧೈರ್ಯದಲ್ಲಿ ಎಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಬೇರೆ ಎರಡು ಅಂಕಿಗಳು. ದೇಶದಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಶೇ 77ರಷ್ಟು ಮಂದಿ ಸಹಾಯ ಕೇಳಿಲ್ಲ, ಯಾರಲ್ಲೂ ಬಾಯಿ ಬಿಟ್ಟಿಲ್ಲ. ಕರ್ನಾಟಕದಲ್ಲಿ ಶೇ 76.9ರಷ್ಟು ಹೆಂಗಸರು ಮತ್ತು ಶೇ 81.9ರಷ್ಟು ಗಂಡಸರು, ಯಾವುದಾದರೊಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದಿದ್ದಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಹೇಳುವ ಊರಿನಲ್ಲಿ, ಉಂಡು ಮಲಗಿದ ಮೇಲೂ ಮುಗಿಯದ ಜಗಳವನ್ನು ಅವಳು ಯಾರ ಮುಂದೆ ಹೇಳಬೇಕು?

ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಖಾನಾಪುರದ ತಾಲ್ಲೂಕು ಆಸ್ಪತ್ರೆಗೋ ಕಣ್ಣು ಬಾತುಕೊಂಡು ಬಂದವಳು ಡಾಕ್ಟರ ಮುಂದೆ ಹೇಳುವ ಮಾತು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು: “ಬಾತ್‌ರೂಮಿನ್ಯಾಗ ಜಾರಿ ಬಿದ್ದೇನ್ರಿ.” ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ. ಜಾರಿ ಬಿದ್ದವರಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಮೊಣಕೈಗೆ, ಮಂಡಿಗೆ, ಸೊಂಟಕ್ಕೆ. ಎರಡೂ ತೋಳಿನ ಒಳಮಗ್ಗುಲಲ್ಲಿ ಬೆರಳಿನ ಗುರುತು ಮೂಡುವುದಿಲ್ಲ. ಜತೆಗೆ ಬಂದವರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, “ಮನ್ಯಾಗ ಯಾರರ ಬಡಿದ್ರೇನವ್ವಾ?” ಎಂದು ಮೆತ್ತಗೆ ಕೇಳುವ ಒಬ್ಬ ನರ್ಸ್ ಇದ್ದರೆ ಆ ದಿನ ಕತೆ ಬೇರೆಯಾಗಬಹುದು. ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಎಂಬ ಆಪ್ತಸಲಹಾ ಕೇಂದ್ರ ಶುರುವಾದದ್ದು ಈ ತಿಳಿವಳಿಕೆಯಿಂದಲೇ. ಠಾಣೆಯ ಮೆಟ್ಟಿಲು ಹತ್ತದವಳೂ ಆಸ್ಪತ್ರೆಗೆ ಬಂದೇ ಬರುತ್ತಾಳೆ. ಆಗ ಚೀಟಿಯಲ್ಲಿ ಡಾಕ್ಟರು ಏನು ಬರೆಯುತ್ತಾರೆ ಎನ್ನುವುದು ಮುಂದೆ ಕೋರ್ಟಿನಲ್ಲಿ ತೂಕದ ಸಾಕ್ಷಿ. ಘಟನಾ ವರದಿ ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದೂ ನಿಯಮವಿದೆ.

ಕುತ್ತಿಗೆ ಹಿಸುಕಿದ್ದರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬಹಳ ಸಲ ಹೊರಗೆ ಗುರುತೇ ಉಳಿಯುವುದಿಲ್ಲ. ದನಿ ಒಡೆಯುವುದು, ನುಂಗಲು ಕಷ್ಟವಾಗುವುದು, ತಲೆ ಸುತ್ತುವುದು ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಹಿಂದೊಮ್ಮೆ ಸಂಗಾತಿಯಿಂದ ಕುತ್ತಿಗೆ ಹಿಸುಕಿಸಿಕೊಂಡ ಹೆಂಗಸು ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು ಎಂದು ಅಮೆರಿಕದ ಸಂಶೋಧಕಿಯರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ‘ಸಿಟ್ಟಿನ ಭರದಾಗ ಕುತ್ತಿಗಿಗೆ ಕೈ ಹಾಕಿದಾ, ಮತ್ತೇನ ಆಗಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಿಗೇ ಬಿಡಬಾರದು. ಅವಳನ್ನು ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಬಸುರಿಯ ಮೇಲೆ ಕೈ ಎತ್ತುವುದು, ಮಕ್ಕಳನ್ನು ಕೊಲ್ಲುತ್ತೇನೆನ್ನುವುದು, ಸೀಮೆಎಣ್ಣೆ ಇಲ್ಲವೇ ಕ್ರಿಮಿನಾಶಕ ಮುಂದಿಟ್ಟು ಹೆದರಿಸುವುದು ಕೂಡ ಇದೇ ತೂಕದ ಸೂಚನೆಗಳು.

ಹೊರಗಿನವರಿಗೆ ಅರ್ಥವಾಗದ ಇನ್ನೊಂದು ಸಂಗತಿ, ‘ಬಿಟ್ಟು ಬರಬಾರದೇನು?’ ಎನ್ನುವವರಿಗೆ ಹೊಳೆಯದ್ದು: ಬಿಟ್ಟು ಬರುವ ಗಳಿಗೆಯೇ ಅತಿ ಅಪಾಯದ ಗಳಿಗೆ. ಹಿಡಿತ ಕೈ ತಪ್ಪುತ್ತಿದೆ ಎಂದು ಅವನಿಗೆ ಗೊತ್ತಾದಾಗ ಪೆಟ್ಟು ಹೆಚ್ಚುತ್ತದೆ. ಅದಕ್ಕೇ ಹೊರಡುವ ಮಾತನ್ನು ಜಗಳದ ನಡುವೆ ಆಡಬಾರದು, ಕೊನೆಯ ಸಲ ಕೂತು ಮಾತಾಡೋಣ ಎಂಬ ಕರೆಗೆ ಒಬ್ಬಳೇ ಹೋಗಬಾರದು. ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ ಅವಳ ಜತೆ ಕೂತು ಸುರಕ್ಷತಾ ಯೋಜನೆ ಬರೆಯಬೇಕೆಂದು ನಿಯಮಗಳಲ್ಲೇ ಇದೆ, ಅದಕ್ಕೆ ಐದನೆಯ ನಮೂನೆ. ಅಧಿಕಾರಿ ಸಿಗುವ ಮುಂಚೆಯೂ ಕೆಲವನ್ನು ಮಾಡಿಟ್ಟುಕೊಳ್ಳಬಹುದು. ಜಗಳ ಏರುತ್ತಿದ್ದಂತೆ ಅಡುಗೆಮನೆಯಿಂದ ಈಚೆ ಬರುವುದು, ಏಕೆಂದರೆ ಈಳಿಗೆ, ಚಾಕು, ಒಲೆ ಎಲ್ಲ ಅಲ್ಲೇ ಇರುತ್ತವೆ. ಹಿಂದಿನ ಬಾಗಿಲಿರುವ ಕಡೆ ಸರಿಯುವುದು. ಓಣಿಯ ಒಬ್ಬರಿಗಾದರೂ ಗುರುತು ಹೇಳಿಟ್ಟಿರುವುದು: ನಾನು ಇಂಥ ಮಾತು ಕೂಗಿದರೆ 112ಕ್ಕೆ ಫೋನ್ ಹಚ್ಚಿರಿ ಎಂದು. ಯಾರ ಮನೆಗೆ ಓಡಬೇಕೆಂದು ಮಕ್ಕಳಿಗೆ ಗೊತ್ತಿರಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ತಾಯಿ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ, ಆಸ್ಪತ್ರೆಯ ಚೀಟಿಗಳು ತವರಿನಲ್ಲೋ ನಂಬಿಕೆಯ ಗೆಳತಿಯ ಬಳಿಯೋ ಇರಲಿ. ಮೂಲ ಕಾಗದ ತೆಗೆದರೆ ಸಂಶಯ ಬರುವಂತಿದ್ದರೆ ಫೋಟೊ ಸಾಕು. ಆದರೆ ಫೋಟೊ ತೆಗೆದ ಮೊಬೈಲು ಅವನ ಕೈಗೂ ಹೋಗುವಂಥದ್ದಾದರೆ ಅದೇ ಕುತ್ತು. ಕರೆ ಮಾಡಿದ ನಂಬರು ಫೋನಿನಲ್ಲಿ ಉಳಿಯುತ್ತದೆ, ಎಲ್ಲಿದ್ದಾಳೆಂದು ತೋರಿಸುವ ಸೌಲಭ್ಯ ಅವಳಿಗೆ ತಿಳಿಯದೆ ಚಾಲೂ ಇರಬಹುದು. ಆಶಾ ಕಾರ್ಯಕರ್ತೆಯ ಫೋನು, ಅಂಗನವಾಡಿ ಅಕ್ಕನ ಫೋನು ಇಂಥ ಹೊತ್ತಿಗೆ ಒದಗುತ್ತವೆ. ಸ್ತ್ರೀಶಕ್ತಿ ಸಂಘದ ವಾರದ ಸಭೆ ಯಾರೂ ಸಂಶಯಪಡದೆ ಹೊರಗೆ ಬಿಡುವ ಒಂದೇ ಒಂದು ತಾಸು ಎಂಬ ಮನೆಗಳೂ ಇವೆ.

ಖಾನಾಪುರ ತಾಲ್ಲೂಕನ್ನು ನೋಡಿದವರಿಗೆ ಇದೆಲ್ಲ ಎಷ್ಟು ತೊಡಕಿನದು ಎನ್ನುವುದು ಬಿಡಿಸಿ ಹೇಳಬೇಕಿಲ್ಲ. ಪೂರ್ವಕ್ಕೆ ಬೀಡಿ, ಇಟಗಿ, ಕಕ್ಕೇರಿಯ ಬಯಲು. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾದ ದಟ್ಟ ಕಾಡು. ಭೀಮಗಡ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತು ತರಬೇಕಾದ ಸುದ್ದಿ ಆಗಾಗ ಬರುತ್ತದೆ. ಮೊಬೈಲ್ ಸಿಗ್ನಲ್ಲಿಗೆ ದಿಬ್ಬ ಹತ್ತಬೇಕು. ಅಂಥ ಊರಿನ ಸೊಸೆಗೆ ರಾತ್ರಿ ಹತ್ತಕ್ಕೆ ‘112ಕ್ಕೆ ಕರೆ ಮಾಡು’ ಎಂದರೆ ಏನು ಮಾಡಿಯಾಳು? ಅಲ್ಲಿ ಮೊದಲ ಆಸರೆ ನೆರೆಮನೆಯೇ. ಬೆಳಗಾದ ಮೇಲೆ ಬಸ್ಸು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಶಕ್ತಿ ಯೋಜನೆಯ ಬಗ್ಗೆ ಬಹಳ ಚರ್ಚೆ ನಡೆದಿದೆ, ಅದರಲ್ಲಿ ಈ ಒಂದು ಮಾತು ಅಷ್ಟಾಗಿ ಬರಲಿಲ್ಲ: ಕೈಯಲ್ಲಿ ಒಂದು ರೂಪಾಯಿ ಇಲ್ಲದ ಹೆಣ್ಣುಮಗಳು ಖಾನಾಪುರದಿಂದ 26 ಕಿಲೋಮೀಟರ್ ದೂರದ ಬೆಳಗಾವಿಗೆ ಈಗ ಬರಬಲ್ಲಳು. ಗುರುತಿನ ಚೀಟಿ ಮಾತ್ರ ಬೇಕು. ಗಂಡ ಮೊದಲು ಬಚ್ಚಿಡುವುದೂ ಅದನ್ನೇ.

ದುಡ್ಡಿನ ಮಾತು ಬಂದಾಗ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಹೇಳಬೇಕು. ಖಾತೆ ಅವಳ ಹೆಸರಿನದು, ಎಟಿಎಂ ಕಾರ್ಡು ಅವನ ಕಿಸೆಯಲ್ಲಿ. ಕಾನೂನಿನ ಭಾಷೆಯಲ್ಲಿ ಇದೂ ಆರ್ಥಿಕ ಹಿಂಸೆಯೇ. ತಿಲಕವಾಡಿಯ ಅಪಾರ್ಟ್‌ಮೆಂಟಿನಲ್ಲಿ ಸಂಬಳವನ್ನೆಲ್ಲ ಗಂಡನ ಖಾತೆಗೆ ಹಾಕಿ ಪೆಟ್ರೋಲಿಗೂ ಕೈಯೊಡ್ಡುವ ಕಾಲೇಜು ಅಧ್ಯಾಪಕಿಗೂ, ವಡಗಾವಿಯ ಮಗ್ಗದ ಮನೆಯಲ್ಲಿ ದಿನವಿಡೀ ದುಡಿದು ಕೂಲಿ ಕಾಣದವಳಿಗೂ ಅದೇ ಕಲಂ. ಅಪಾರ್ಟ್‌ಮೆಂಟಿನ ಬಾಗಿಲು ಹಳ್ಳಿಯ ಮನೆಯದಕ್ಕಿಂತ ಗಟ್ಟಿ, ಸದ್ದು ಹೊರಗೆ ಬರುವುದಿಲ್ಲ ಅಷ್ಟೆ.

ಹೆಂಗಸು ಬಾಯಿ ಬಿಟ್ಟಳು ಎಂದುಕೊಳ್ಳೋಣ. ನಮ್ಮ ಭಾಗದಲ್ಲಿ ಆಮೇಲಿನ ಹೆಜ್ಜೆ ಹಿರಿಯರನ್ನು ಕೂಡಿಸುವುದು. ಎರಡೂ ಕಡೆಯವರು, ಊರಿನ ಪಂಚರು, ಒಂದಿಷ್ಟು ಬೈಗುಳ, “ತಾಳ್ಕೊಂಡ ಹೋಗವ್ವಾ, ಎಲ್ಲಾರ ಮನ್ಯಾಗೂ ಇದ್ದದ್ದ” ಎಂಬ ಸಮಾಧಾನ. ಅದು ಮುಗಿಯದಿದ್ದರೆ ಠಾಣೆ. ಅಲ್ಲಿ ಗಂಡನನ್ನು ಕರೆಸಿ, ಇನ್ನು ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುವವರೂ ಇದ್ದಾರೆ. ಆದರೆ ಠಾಣೆಯಲ್ಲಿ ಮುಖ ಕೆಳಗೆ ಹಾಕಿದ ಗಂಡಸು ಮನೆಗೆ ಹೋದ ಮೇಲೆ ಆ ಅವಮಾನವನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ಮುಚ್ಚಳಿಕೆ ಮೀರಿದ್ದು ತಾನೇ ಒಂದು ಅಪರಾಧವಲ್ಲ. ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶ ಹಾಗಲ್ಲ. ಅದನ್ನು ಮೀರಿದರೆ 2005ರ ಕಾಯ್ದೆಯ 31ನೆಯ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದೇಶದ ಪ್ರತಿ ಅವಳಿಗೂ ಪೊಲೀಸ್ ಠಾಣೆಗೂ ಖರ್ಚಿಲ್ಲದೆ ಸಿಗಬೇಕು. ಠಾಣೆಯವರ ಕೆಲಸವೇನೆಂದು ಐದನೆಯ ಕಲಂ ಹೇಳಿದೆ: ಆದೇಶ ಕೇಳುವ ಹಕ್ಕು, ಸಂರಕ್ಷಣಾಧಿಕಾರಿಯ ಸೇವೆ, ಉಚಿತ ಕಾನೂನು ನೆರವು, ಕ್ರೌರ್ಯದ ದೂರು ಕೊಡುವ ಹಕ್ಕು, ಇವುಗಳನ್ನು ಅವಳಿಗೆ ತಿಳಿಸಬೇಕು. ರಾಜಿ ಮಾಡಿಸುವುದು ಆ ಪಟ್ಟಿಯಲ್ಲಿಲ್ಲ.

ಈ ಕಾಯ್ದೆಯಡಿ ಕೋರ್ಟಿಗೆ ಹೋದರೆ ಸಂಸಾರ ಮುರಿದೇಹೋಯಿತು ಎಂಬ ಹೆದರಿಕೆ ಬಹಳ ಜನಕ್ಕಿದೆ. ಹಾಗಿಲ್ಲ. ಇದು ವಿಚ್ಛೇದನದ ಅರ್ಜಿಯಲ್ಲ, ಗಂಡನನ್ನು ಮೊದಲ ದಿನವೇ ಜೈಲಿಗೆ ಹಾಕಿಸುವ ದೂರೂ ಅಲ್ಲ. ಜೈಲಿನ ದಾರಿ ಬೇರೆಯೇ ಇದೆ. ಮೊದಲು 498–ಎ ಎಂದು ಕರೆಯುತ್ತಿದ್ದ ಕ್ರೌರ್ಯದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ, ಶಿಕ್ಷೆ ಮೂರು ವರ್ಷದವರೆಗೆ. 2005ರ ಕಾಯ್ದೆಯಲ್ಲಿ ಅವಳು ಕೇಳುವುದು ಹೊಡೆಯದಂತೆ ತಡೆ, ಇರಲು ಸೂರು, ಖರ್ಚಿಗೆ ಹಣ, ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳುವ ತಾತ್ಕಾಲಿಕ ಹಕ್ಕು, ಆದ ಹಾನಿಗೆ ಪರಿಹಾರ. ಮನೆ ಅತ್ತೆಯ ಹೆಸರಿನಲ್ಲಿದೆ, ನಿನಗೇನು ಹಕ್ಕು ಎಂದು ಹೊರಗೆ ನೂಕುತ್ತಿದ್ದ ಕಾಲವೊಂದಿತ್ತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅತ್ತೆ ಮಾವನ ಹೆಸರಿನ ಮನೆಯೂ ಸೊಸೆ ಬಾಳಿದ ಹಂಚಿಕೆಯ ಮನೆಯಾಗಬಹುದು ಎಂದು ತೀರ್ಪಿತ್ತಿತು. ಹೊಡೆಯುವ ಗಂಡನನ್ನೇ ಮನೆಯಿಂದ ಹೊರಗೆ ಇರು ಎನ್ನಲು 19ನೆಯ ಕಲಂ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ. ಮಗನಿಂದ ಏಟು ತಿನ್ನುವ ಮುದಿ ತಾಯಿ, ಅಣ್ಣನಿಂದ ತೊಂದರೆಗೊಳಗಾದ ತಂಗಿಯೂ ಇದೇ ಬಾಗಿಲು ತಟ್ಟಬಹುದು.

ಬೆಳಗಾವಿ ಗಡಿಯ ಜಿಲ್ಲೆ. ಖಾನಾಪುರದ ಹೆಣ್ಣುಮಕ್ಕಳನ್ನು ಗೋವಾಕ್ಕೆ, ಮಹಾರಾಷ್ಟ್ರದ ಚಂದಗಡಕ್ಕೆ, ಕೊಲ್ಹಾಪುರಕ್ಕೆ ಕೊಡುತ್ತಾರೆ. ಅಲ್ಲಿಂದ ಇಲ್ಲಿಗೂ ತರುತ್ತಾರೆ. ಏಟು ತಿಂದು ತವರಿಗೆ ಬಂದವಳಿಗೆ, ‘ಘಟನೆ ಆದದ್ದು ಅಲ್ಲಿ, ಅಲ್ಲೇ ಹೋಗಿ ಕಂಪ್ಲೇಂಟ್ ಕೊಡು’ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಅವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರೂ ಅರ್ಜಿ ಕೇಳಬಹುದೆಂದು 27ನೆಯ ಕಲಂ ಹೇಳುತ್ತದೆ, ಅಲ್ಲಿ ಸಿಕ್ಕ ಆದೇಶ ಭಾರತದ ತುಂಬ ನಡೆಯುತ್ತದೆ. ಖಾನಾಪುರದ ಕೋರ್ಟಿನ ಆದೇಶ ಚಂದಗಡದಲ್ಲೂ ಆದೇಶವೇ. ಕ್ರೌರ್ಯದ ಪ್ರಕರಣಕ್ಕೂ ಇದೇ ಮಾತು ಅನ್ವಯಿಸುತ್ತದೆಂದು 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಂಡನ ಮನೆ ಬಿಟ್ಟು ಬಂದವಳ ಮನಸ್ಸಿನ ನೋವು ತವರಿನಲ್ಲೂ ಮುಂದುವರಿಯುತ್ತದೆ, ಹಾಗಾಗಿ ಅವಳು ಆಸರೆ ಪಡೆದ ಊರಿನಲ್ಲೂ ಪ್ರಕರಣ ನಡೆಸಬಹುದು. ಎಫ್‌ಐಆರ್ ಯಾವ ಠಾಣೆಯಲ್ಲಾದರೂ ದಾಖಲಿಸಬಹುದು. ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮರಾಠಿ ಇಲ್ಲವೇ ಕೊಂಕಣಿಯಷ್ಟೇ ಬರುವವಳಿಗೆ ಕನ್ನಡದಲ್ಲಿ ಬರೆದದ್ದನ್ನು ಅವಳ ಮಾತಿನಲ್ಲಿ ತಿಳಿಸಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಓದಿ ಹೇಳುವುದಕ್ಕೆ ಅರ್ಥವಿಲ್ಲ. ಗಡಿಯ ತಂಟೆ ಏನೇ ಇರಲಿ, ಈ ಕೆಲಸದಲ್ಲಿ ಮೂರೂ ಭಾಷೆ ಬಲ್ಲ ಒಬ್ಬರು ಬೇಕೇ ಬೇಕು.

ಹೋಗಬೇಕಾದ ಬಾಗಿಲುಗಳು ಯಾವುವು? ಖಾನಾಪುರದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ ಒಂದು. ಅಂಗನವಾಡಿಗಳ ಮೇಲುಸ್ತುವಾರಿ ನೋಡುವ ಈ ಕಚೇರಿಯ ಅಧಿಕಾರಿಗಳೇ ಸಂರಕ್ಷಣಾಧಿಕಾರಿಗಳ ಹೊಣೆ ಹೊರುತ್ತಾರೆ, ಆ ಘಟನಾ ವರದಿ ಬರೆಯುವವರೂ ಅವರೇ. ವರದಿ ಇಲ್ಲದಿದ್ದರೂ ಅರ್ಜಿ ನಿಲ್ಲುತ್ತದೆಂದು 2022ರ ಮೇ 12ರ ಪ್ರಭಾ ತ್ಯಾಗಿ ತೀರ್ಪು ಹೇಳಿರುವುದರಿಂದ, ವರದಿಗಾಗಿ ಕಾಯುತ್ತ ಕೂರಬೇಕಿಲ್ಲ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ ಇನ್ನೊಂದು ಬಾಗಿಲು. ಹೆಂಗಸಾದವಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ಫೀ ಇಲ್ಲ. 1987ರ ಕಾಯ್ದೆಯ ಹಕ್ಕು ಇದು, 15100 ಅದರ ದೂರವಾಣಿ. ಬೆಳಗಾವಿಗೆ ಬಂದರೆ ಚನ್ನಮ್ಮ ವೃತ್ತದ ಆಸುಪಾಸಿನಲ್ಲೇ ಜಿಲ್ಲಾ ನ್ಯಾಯಾಲಯ, ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಆಸ್ಪತ್ರೆ ಎಲ್ಲ ಇವೆ. ನಗರದಲ್ಲಿ ಮಹಿಳಾ ಪೊಲೀಸ್ ಠಾಣೆ ಇದೆ. 181ಕ್ಕೆ ಕರೆ ಮಾಡಿದರೆ ಸಖಿ ಕೇಂದ್ರಕ್ಕೆ ಜೋಡಿಸುತ್ತಾರೆ. 2015ರಲ್ಲಿ ಶುರುವಾದ ಈ ಕೇಂದ್ರಗಳ ಉದ್ದೇಶವೇ ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತಸಲಹೆ ಎಲ್ಲ ಒಂದೇ ಸೂರಿನಡಿ ಸಿಗಬೇಕೆಂಬುದು. ಸಣ್ಣ ಮಕ್ಕಳ ಜತೆ ಐದು ದಿನದವರೆಗೆ ಅಲ್ಲಿ ಉಳಿಯಬಹುದು, ಆಮೇಲೂ ಸೂರು ಬೇಕಾದವರನ್ನು ಶಕ್ತಿ ಸದನಕ್ಕೆ ಕಳಿಸುತ್ತಾರೆ. ಬದುಕೇ ಬೇಡವೆನಿಸಿದ ರಾತ್ರಿ 14416ಕ್ಕೆ ಕರೆ ಮಾಡಬಹುದು, ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಮಾತಾಡುತ್ತಾರೆ.

ಇಷ್ಟೆಲ್ಲ ಇದ್ದೂ ದಾರಿ ಸಲೀಸಲ್ಲ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥ ಎಂದು ಕಾಯ್ದೆ ಬಯಸುತ್ತದೆ. ನಡೆಯುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ. ಅದಕ್ಕೇ ಮೊದಲ ದಿನವೇ 23ನೆಯ ಕಲಮಿನಡಿ ಮಧ್ಯಂತರ ಆದೇಶ ಕೇಳುವಂತೆ ವಕೀಲರಿಗೆ ಹೇಳಬೇಕು. ತುರ್ತಿದ್ದರೆ ಅವಳ ಪ್ರಮಾಣಪತ್ರದ ಆಧಾರದ ಮೇಲೆ, ಎದುರು ಕಡೆಯವರು ಬರುವ ಮುಂಚೆಯೇ ಆದೇಶ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ಕುಡಿತದ ಬಗ್ಗೆ ಒಂದು ಮಾತು. ‘ಕುಡದಾಗ ಅಷ್ಟ ಹಿಂಗ, ಇಲ್ಲಂದ್ರ ದೇವರಂಥವ’ ಎನ್ನುವವರಿದ್ದಾರೆ. ಕುಡಿದವನು ದಾರಿಯಲ್ಲಿ ಸಿಕ್ಕ ಫೌಜುದಾರನಿಗೆ ಹೊಡೆಯುವುದಿಲ್ಲ, ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ನಡೆಯುತ್ತದೆಂದು ಅವನಿಗೆ ಗೊತ್ತು. ಹಾಗಂತ ಹೆಂಡ ನಿರಪರಾಧಿಯಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಶಾರದಾ ಗೋಪಾಲ ಮತ್ತವರ ಗೆಳತಿಯರು ಕಟ್ಟಿದ ಜಾಗೃತಿ ಮಹಿಳಾ ಒಕ್ಕೂಟದ ಹೆಂಗಸರು ಉದ್ಯೋಗ ಖಾತರಿಯ ಕೂಲಿಗಾಗಿ ಹೋರಾಡಿದಂತೆಯೇ ಊರೊಳಗಿನ ಸಾರಾಯಿಯ ವಿರುದ್ಧವೂ ನಿಂತವರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ತನ್ನ ದುಡಿಮೆಯ ಕೂಲಿ ತನ್ನ ಖಾತೆಗೇ ಬೀಳುವ, ಕಷ್ಟ ಬಂದಾಗ ಹತ್ತು ಮಂದಿ ಗೆಳತಿಯರು ಬಾಗಿಲಿಗೆ ಬರುವ ಹೆಂಗಸಿನ ಮೇಲೆ ಕೈ ಎತ್ತುವ ಮುಂಚೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಒಂದು ಸಂಘಟನೆ ಇದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ನೆರೆಯವರ ಮೌನ ಏನು ಮಾಡುತ್ತದೆ ಎನ್ನುವುದನ್ನು ಬೆಳಗಾವಿ ತಾಲ್ಲೂಕು 2023ರ ಡಿಸೆಂಬರಿನಲ್ಲಿ ಕಂಡಿತು. ಮಗ ಪ್ರೀತಿಸಿದ ಹುಡುಗಿಯ ಜತೆ ಹೋದನೆಂದು ಹೊಸ ವಂಟಮುರಿಯಲ್ಲಿ ಅವನ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದರು. ಅದು ಗಂಡನ ಮನೆಯ ಹಿಂಸೆಯಲ್ಲ. ಆದರೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಹೈಕೋರ್ಟ್ ಕೇಳಿದ ಪ್ರಶ್ನೆ ಪ್ರತಿ ಓಣಿಗೂ ಸಲ್ಲುತ್ತದೆ: ನೋಡುತ್ತ ನಿಂತವರು ಏನು ಮಾಡುತ್ತಿದ್ದರು? ಪಕ್ಕದ ಮನೆಯ ಕೂಗು ಕೇಳಿ ಸುಮ್ಮನಿರುವವರಿಗೆ ‘ನಮಗ್ಯಾಕ ಉಸಾಬರಿ, ನಾಳೆ ಕೋರ್ಟು ಕಚೇರಿ’ ಎಂಬ ಅಂಜಿಕೆ. ಆ ಅಂಜಿಕೆಗೆ ಕಾಯ್ದೆಯ ನಾಲ್ಕನೆಯ ಕಲಂ ಉತ್ತರ ಕೊಟ್ಟಿದೆ. ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ತಿಳಿಸಬೇಕಾದ ಆ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ ಎನ್ನುವುದೇ ಗೊತ್ತಿಲ್ಲದಿದ್ದರೆ? 2025ರ ಮೇ 20ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಸುಪ್ರೀಂ ಕೋರ್ಟ್ ಪೀಠ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಆರು ವಾರದೊಳಗೆ ಹೆಸರಿಸಬೇಕು, ಕಾಯ್ದೆಯ ಬಗ್ಗೆ ಜನರಿಗೆ ತಿಳಿಸಬೇಕು ಎಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಬೆಳಗಾವಿಯ ಪ್ರತಿ ವಾರ್ಡಿನ ಅಂಗನವಾಡಿಯಲ್ಲಿ, ಖಾನಾಪುರದ ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ, ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲ ಒಳಮಗ್ಗುಲಲ್ಲಿ ಆ ಅಧಿಕಾರಿಯ ಹುದ್ದೆ, ಕಚೇರಿ, ಫೋನ್ ನಂಬರನ್ನು ಕನ್ನಡ ಮತ್ತು ಮರಾಠಿಯಲ್ಲಿ ಬರೆಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಯಾರಾದರೂ ಎದ್ದು ಕೇಳಲಿ.